ಹತ್ತು ಅಂಕದ ಉತ್ತರ

ಮೊನ್ನೆ ಭಾನುವಾರ ಮನೆಯಲ್ಲಿ ರಾಗಿ ಹಿಟ್ಟು ಮುಗಿದಿತ್ತು. ಗ್ರೋಸರಿಗೆ ಹೋದ ಅಳಿಯಂದಿರು ರಾಗಿ ಸಿಗಲಿಲ್ಲವೆಂದು ಬಿಳಿ ಮುಸುಕಿನ ಜೋಳದ ಹಿಟ್ಟು ಹಿಡಿದು ಬಂದರು. “ಇದ್ರಲ್ಲೇ ಮುದ್ದೆ ಮಾಡ್ಬಿಡಿ ಅತ್ತೆ, ಹಿಟ್ಟು ಹಿಟ್ಟೇ ಅಲ್ವಾ?” ಎಂದರು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಮುದ್ದೆಯ ವಿಷಯದಲ್ಲಿ ಇಷ್ಟು ಧೈರ್ಯವಿರುವುದು ಸಹಜ. ನಾನೂ ಎಸರಿಟ್ಟು, ಹಿಟ್ಟು ಸುರಿದು, ಕೋಲು ಹಿಡಿದು ತಿರುವತೊಡಗಿದೆ. ತಳ ಹಿಡಿಯುವ ಹೊತ್ತಿಗೆ ಒಂದು ಹಬೆ ಎದ್ದಿತು. ಸ್ವಲ್ಪ ಸಿಹಿ, ಸ್ವಲ್ಪ ಸೀದ ವಾಸನೆ. ಒಲೆ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

“ಅಜ್ಜಿ, ಆರ್ ಯು ಓಕೆ?” ಎಂದು ಮೊಮ್ಮಗಳು ಬಂದು ನೋಡಿದಳು. ಹಬೆ ಕಣ್ಣಿಗೆ ಹೊಡೆಯಿತು ಎಂದೆ. ಅದು ಸುಳ್ಳು. ಆ ವಾಸನೆ ಕೊಜೊನ ಬಾಡಿಗೆ ಕೋಣೆಯದು.

ಕೊಜೊ ಟೋಗೊ ದೇಶದವನು. ಪಶ್ಚಿಮ ಆಫ್ರಿಕಾದ ನಕ್ಷೆಯಲ್ಲಿ ಘಾನಾ ಮತ್ತು ಬೆನಿನ್ ನಡುವೆ ಉದ್ದಕ್ಕೆ ಸೀಳಿದ ಸೌದೆಯಂತೆ ಇರುವ ಸಣ್ಣ ದೇಶ. ಅವರಲ್ಲಿ ಮಕ್ಕಳಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ. ಸೋಮವಾರ ಹುಟ್ಟಿದ ಗಂಡು ಕೊಜೊ, ಶುಕ್ರವಾರ ಹುಟ್ಟಿದ ಹೆಣ್ಣು ಅಫಿ. ಅದು ತಿಳಿದ ದಿನದಿಂದ ಮನಸ್ಸಿನಲ್ಲಿ ನಾನು ಅವನನ್ನು ಸೋಮಣ್ಣ ಎಂದೇ ಕರೆಯುತ್ತಿದ್ದೆ. ಅವನು ನನ್ನನ್ನು ‘ತಾಂತಿ’ ಎನ್ನುತ್ತಿದ್ದ. ಅವರ ಕಡೆಯ ಫ್ರೆಂಚಿನಲ್ಲಿ ಚಿಕ್ಕಮ್ಮ, ಅತ್ತೆ, ದೊಡ್ಡವರು ಎಲ್ಲದಕ್ಕೂ ಅದೊಂದೇ ಮಾತಂತೆ.

ನಾನು ಹಾಸನದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಹೇಳಿದವಳು. ನಿವೃತ್ತಿಯಾಗಿ, ಯಜಮಾನರೂ ಹೋದ ಮೇಲೆ, ಮಗಳು ಸುಮಾ ಗ್ರೀನ್ ಕಾರ್ಡು ಮಾಡಿಸಿ ಸ್ಯಾನ್ ಹೊಸೆಗೆ ಕರೆಸಿಕೊಂಡಳು. ಅಪಾರ್ಟ್‌ಮೆಂಟಿನಲ್ಲಿ ಹಗಲೆಲ್ಲಾ ನಾನೊಬ್ಬಳೇ. ಪಾಠ ಹೇಳಲು ಯಾರೂ ಇಲ್ಲದೆ ನಾಲಿಗೆ ತುಕ್ಕು ಹಿಡಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಪಾಠ ಹೇಳುವ ಆ ತುರಿಕೆಯೇ ಮೂಲ.

ಆ ವರ್ಷ ಜನವರಿಯಲ್ಲಿ ಮಳೆ ಬಿಡದೆ ಹಿಡಿದಿತ್ತು. ಇಲ್ಲಿ ಮಳೆ ಬರುವುದು ಚಳಿಯ ಜೊತೆಗೆ. ಆಷಾಢವೂ ಪುಷ್ಯವೂ ಕೂಡಿ ಬಂದ ಹಾಗೆ. ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಗೆ ಸುಮಾ ಜೊತೆ ಹೋಗಿದ್ದೆ. ರಾಗಿ ಹಿಟ್ಟು ಮೇಲಿನ ಸಾಲಿನಲ್ಲಿತ್ತು, ಕೈಗೆ ನಿಲುಕಲಿಲ್ಲ. ಅಕ್ಕಿ ಮೂಟೆ ಜೋಡಿಸುತ್ತಿದ್ದ ಎತ್ತರದ ಆಳು ಬಂದು ಇಳಿಸಿಕೊಟ್ಟು, ಇದನ್ನು ಹೇಗೆ ತಿನ್ನುತ್ತೀರಿ ಎಂದು ಕೇಳಿದ. ನಾವಿಬ್ಬರೂ ಮಾತಾಡಿದ್ದು ಇಂಗ್ಲಿಷಿನಲ್ಲೇ. ಅವನದು ಫ್ರೆಂಚು ಬೆರೆತ ಇಂಗ್ಲಿಷು, ನನ್ನದು ಹಾಸನದ ಇಂಗ್ಲಿಷು. ನೆನಪಿನಲ್ಲಿ ಮಾತ್ರ ಎಲ್ಲ ಕನ್ನಡವಾಗಿಯೇ ಕೇಳಿಸುತ್ತದೆ.

ಕೈಯಲ್ಲಿ ಮುದ್ದೆ ಕಟ್ಟುವುದನ್ನು ತೋರಿಸಿದೆ. ಅವನು ಗಟ್ಟಿಯಾಗಿ ನಕ್ಕ. “ನಮ್ಮಲ್ಲೂ ಇದೆ. ಮುಸುಕಿನ ಜೋಳದ ಹಿಟ್ಟಲ್ಲಿ ಮಾಡ್ತೀವಿ, ಅಕುಮೆ ಅಂತ. ಸೊಪ್ಪಿನ ಸಾರಿನ ಜೊತೆ.”

“ಅಗೀತೀರೋ, ನುಂಗ್ತೀರೋ?” ಎಂದೆ.

“ನುಂಗ್ತೀವಿ ತಾಂತಿ. ಅಗಿದ್ರೆ ಅಜ್ಜಿ ಬೈತಾಳೆ.”

ಅಲ್ಲಿಗೆ ಅವನು ನಮ್ಮವನಾದ. ಊರಿನಲ್ಲಿ ಏನು ಮಾಡುತ್ತಿದ್ದೆ ಎಂದರೆ, ಶಾಲೆಯಲ್ಲಿ ಚರಿತ್ರೆ, ಭೂಗೋಳ ಹೇಳುತ್ತಿದ್ದೆ ಎಂದ. ರಾಜ್ಯಶಾಸ್ತ್ರದವಳಿಗೆ ಇಷ್ಟು ಸಾಕು. ನಿಮ್ಮಲ್ಲಿ ಯಾವ ಸರ್ಕಾರ, ಅಧ್ಯಕ್ಷೀಯ ಪದ್ಧತಿಯೋ ಎಂದು ಪರೀಕ್ಷೆ ಶುರು ಮಾಡಿದೆ. ಮೊದಲು ಅಧ್ಯಕ್ಷರೇ ಇದ್ದರು, ಈಗ ಸಂವಿಧಾನ ಬದಲಾಗಿ ಸಂಸದೀಯ ಪದ್ಧತಿ ಬಂದಿದೆ ಎಂದ.

“ಒಳ್ಳೇದೇ ಆಯ್ತಲ್ಲಪ್ಪ! ನಮ್ಮ ದೇಶದ ಹಾಗೇ ಆಯ್ತು,” ಎಂದುಬಿಟ್ಟೆ.

ಅವನು ಮತ್ತೆ ಹೆಗಲಿಗೇರಿಸಿದ್ದ ಮೂಟೆಯನ್ನು ಕೆಳಗಿಟ್ಟು ಬಿಡಿಸಿ ಹೇಳಿದ. ಅವರ ದೇಶದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಒಂದೇ ಮನೆತನದ ಆಳ್ವಿಕೆ. ಮೊದಲು ತಂದೆ, ಆಮೇಲೆ ಮಗ. ಆದರೂ ಐದು ವರ್ಷಕ್ಕೊಮ್ಮೆ ಅಧ್ಯಕ್ಷರಿಗೆ ಜನರೇ ನೇರವಾಗಿ ಓಟು ಹಾಕುತ್ತಿದ್ದರು. ಗೆಲ್ಲುವವರು ಯಾರೆಂದು ಗೊತ್ತಿದ್ದರೂ ಬೇಡವೆಂದು ಹೇಳಲು ಒಂದು ಚೀಟಿಯಾದರೂ ಕೈಯಲ್ಲಿತ್ತು. ಸಂವಿಧಾನವನ್ನು ಬದಲಾಯಿಸಿದ್ದು ಜನರನ್ನು ಕೇಳಿಯಲ್ಲ, ಶಾಸನಸಭೆಯಲ್ಲಿ ಕೈಯೆತ್ತಿ. ಈಗ ಅಧ್ಯಕ್ಷರೆಂಬವರು ಹೆಸರಿಗೆ ಮಾತ್ರ, ಅವರನ್ನು ಆರಿಸುವವರು ಶಾಸಕರು. ಅಧಿಕಾರವೆಲ್ಲ ‘ಮಂತ್ರಿಪರಿಷತ್ತಿನ ಅಧ್ಯಕ್ಷ’ ಎಂಬ ಹೊಸ ಪದವಿಗೆ ಹೋಗಿದೆ. ಬಹುಮತದ ಪಕ್ಷದ ನಾಯಕನಿಗೆ ಅದು ತಾನಾಗಿ ಸಿಗುತ್ತದೆ, ಎಷ್ಟು ಸಲ ಬೇಕಾದರೂ. ಅಲ್ಲಿ ಕುಳಿತವರು ಅದೇ ಮಗ.

“ಪುಸ್ತಕದ ಪ್ರಕಾರ ಎಲ್ಲಾ ಸರಿ ಇದೆ ತಾಂತಿ,” ಎಂದ ಕೊಜೊ.

ನಾಮಮಾತ್ರ ಕಾರ್ಯಾಂಗ, ನೈಜ ಕಾರ್ಯಾಂಗ. ಮೂವತ್ತೊಂದು ವರ್ಷ ಇವೆರಡರ ವ್ಯತ್ಯಾಸವನ್ನು ಗುಣಗಳ ಪಟ್ಟಿಯಲ್ಲಿ ಬರೆಸಿದ್ದವಳು ನಾನು. ರಾಗಿ ಹಿಟ್ಟಿನ ಮುಂದೆ ನಿಂತು ನಾಚಿಕೆಯಾಯಿತು.

ಆಮೇಲೆ ಮಂಗಳವಾರ ಅವನಿಗೆ ರಜೆ ಇದ್ದಾಗ ಲೈಟ್ ರೈಲು ಹಿಡಿದು ನಮ್ಮ ಮನೆ ಹತ್ತಿರದ ಲೈಬ್ರರಿಗೆ ಬರತೊಡಗಿದ. ಇಂಗ್ಲಿಷು ಸುಧಾರಿಸಿಕೊಳ್ಳಬೇಕಿತ್ತು. ಮಾರ್ಚ್ ಹೊತ್ತಿಗೆ ಗುಡ್ಡಗಳೆಲ್ಲ ಹಸಿರಾಗಿದ್ದವು. ಕಿಟಕಿಯಿಂದ ನೋಡಿದರೆ ಸಕಲೇಶಪುರದ ದಾರಿಯಂತೆ ಕಾಣುತ್ತಿತ್ತು. ಒಂದು ಮಂಗಳವಾರ ಅವನು ಒಂದು ಕಾಗದ ತಂದ. ಆಶ್ರಯ ಕೋರಿ ಹಿಂದಿನ ವರ್ಷವೇ ಅರ್ಜಿ ಹಾಕಿದ್ದ, ಈಗ ಸಂದರ್ಶನಕ್ಕೆ ಕರೆ ಬಂದಿತ್ತು. ಅದಕ್ಕೆ ಮೊದಲು ತನ್ನ ಕಥೆಯನ್ನು ಪೂರ್ತಿ ಬರೆದು ಕೊಡಬೇಕು. ಬಿಟ್ಟಿ ವಕೀಲರಿಗೆ ಕಾಯುವವರ ಸಾಲು ಉದ್ದವಿತ್ತು. ಆ ಕಥೆಯನ್ನು ಅಧಿಕಾರಿ ನಂಬಿದರೆ ಕಾಗದ ಸಿಗುತ್ತದೆ, ಹೆಂಡತಿ ಮತ್ತು ಏಳು ವರ್ಷದ ಅಫಿ ಇಲ್ಲಿಗೆ ಬರಬಹುದು. ನಂಬದಿದ್ದರೆ ಅವನು ಹಿಂದಕ್ಕೆ ಹೋಗಬೇಕು.

ಅವನೇ ನೀಲಿ ಪೆನ್ನಿನಲ್ಲಿ ಎರಡೂವರೆ ಪುಟ ಬರೆದಿದ್ದ. ಓದಿದೆ. ಸಂವಿಧಾನ ಬದಲಾದ ಮೇಲೆ ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ, ಸರ್, ಇನ್ನು ಮೇಲೆ ನಮ್ಮ ಅಪ್ಪ ಅಮ್ಮ ಅಧ್ಯಕ್ಷರಿಗೆ ಓಟು ಹಾಕುವುದು ಯಾವಾಗ ಎಂದು ಕೇಳಿದಳಂತೆ. ಇವನು ಬೋರ್ಡಿನ ಮೇಲೆ ಎರಡು ಚೌಕ ಬರೆದ. ಕೆಳಗಿನದು ಜನ, ಮೇಲಿನದು ಅಧ್ಯಕ್ಷರು, ನಡುವೆ ಒಂದು ಬಾಣ. ಆಮೇಲೆ ಡಸ್ಟರ್ ತೆಗೆದುಕೊಂಡು ಬಾಣವನ್ನು ಒರೆಸಿದ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಮೂರನೆಯ ದಿನ ಸಮವಸ್ತ್ರದವರು ಬಂದು ಕರೆದೊಯ್ದರು. ಅವರು ಯಾವ ದಳದವರೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕು ದಿನ ಇಟ್ಟುಕೊಂಡರು, ಮೊಣಕಾಲಿಗೆ ಹೊಡೆದರು, ಮತ್ತೆ ಕರೆಯುತ್ತೇವೆ ಎಂದು ಬಿಟ್ಟರು. ಅವನು ಮತ್ತೆ ಎರಡು ದಿನ ಶಾಲೆಗೆ ಹೋದ. ಆಮೇಲೆ ಗಡಿ ದಾಟಿ ಘಾನಾಕ್ಕೆ ಬಂದು, ಮೊದಲೇ ಇದ್ದ ವೀಸಾದ ಮೇಲೆ ಇಲ್ಲಿಗೆ ಬಂದ.

ಓದಿ ಮುಗಿಸಿದಾಗ ನನಗೆ ಅನ್ನಿಸಿದ್ದೇನು? ಅಯ್ಯೋ ಪಾಪ ಎಂದಲ್ಲ. ಇದಕ್ಕೆ ಹತ್ತಕ್ಕೆ ನಾಲ್ಕು ಅಂಕ ಎಂದು. ಪೀಠಿಕೆ ಇಲ್ಲ, ವಿಷಯ ವಿವರಣೆ ಸಾಲದು, ಉಪಸಂಹಾರ ಇಲ್ಲವೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಚೀಲದಿಂದ ಕೆಂಪು ಪೆನ್ನು ತೆಗೆದೆ. ನಿವೃತ್ತಿಯಾಗಿ ಆರು ವರ್ಷವಾದರೂ ಆ ಪೆನ್ನನ್ನು ನಾನು ಬಿಟ್ಟಿರಲಿಲ್ಲ.

“ಒಂದು ಬಾಣ ಅಳಿಸಿದ್ದಕ್ಕೆ ಹಿಡ್ಕೊಂಡ್ಹೋದ್ರು ಅಂದ್ರೆ ಯಾರಪ್ಪ ನಂಬ್ತಾರೆ?” ಎಂದೆ. “ನಿಮ್ಮ ದೇಶದ ಸಂವಿಧಾನ ಮೊದಲು ಹೇಗಿತ್ತು, ಹೇಗೆ ಬದಲಾಯ್ತು, ಅದರ ಲಕ್ಷಣ ಏನು, ನೀನು ಅದನ್ನ ಯಾಕೆ ವಿರೋಧಿಸಿದೆ. ಇದು ಮೊದಲು ಬರಬೇಕು.”

“ನಾನು ವಿರೋಧ ಅಂತ ಏನೂ ಮಾಡ್ಲಿಲ್ಲ ತಾಂತಿ. ಮಗು ಕೇಳ್ತು, ಉತ್ತರ ಹೇಳಿದೆ.”

“ಅದೇ ವಿರೋಧ.”

ಅವನು ಗಡ್ಡ ಕೆರೆದುಕೊಂಡು, “ನೀವು ಟೀಚರು, ನಿಮಗೆ ಗೊತ್ತು,” ಎಂದ. ತಾನೂ ಟೀಚರೇ ಎಂಬುದನ್ನು ಅವನೂ ಮರೆತ, ನಾನೂ ಮರೆತೆ.

ಮೂರು ವಾರ ಕೂತು ಬರೆದೆ. ಅಷ್ಟು ಖುಷಿಯಿಂದ ಎಷ್ಟೋ ವರ್ಷದಿಂದ ಏನನ್ನೂ ಮಾಡಿರಲಿಲ್ಲ. ಎರಡೂವರೆ ಪುಟ ಹನ್ನೊಂದು ಪುಟವಾಯಿತು. ಟೋಗೊದ ರಾಜಕೀಯ ವ್ಯವಸ್ಥೆಯನ್ನು ಓದಿ ಓದಿ, ಶಾಸನಸಭೆ, ಕಾರ್ಯಾಂಗ, ನ್ಯಾಯಾಂಗ ಎಂದು ಬಿಡಿಸಿ ಬಿಡಿಸಿ ಬರೆದೆ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನುಣುಪಾಗಿತ್ತು. ಬೋರ್ಡು, ಡಸ್ಟರು ಎಂಟನೆಯ ಪುಟದಲ್ಲಿ ಒಂದು ಸಾಲಿಗಿಳಿದವು. ಬಿಟ್ಟ ಮೇಲೆ ಮತ್ತೆ ಶಾಲೆಗೆ ಹೋಗಿದ್ದನ್ನು ತೆಗೆದೇ ಹಾಕಿದೆ. ಜೀವಭಯದಿಂದ ಓಡಿದವನು ನಡುವೆ ಎರಡು ದಿನ ಕೆಲಸಕ್ಕೆ ಹೋದ ಎಂದರೆ ಉತ್ತರ ದುರ್ಬಲವಾಗುತ್ತದೆ. ‘ಬಿಡುಗಡೆಯಾದ ಕೂಡಲೇ ದೇಶ ತೊರೆದೆ’ ಎಂದು ಬರೆದೆ.

ಕೊನೆಯಲ್ಲಿ, ಬರೆಯಲು ಸಹಾಯ ಮಾಡಿದವರ ಹೆಸರು ಎಂದು ಒಂದು ಜಾಗವಿತ್ತು. ಊಟದ ಹೊತ್ತಿನಲ್ಲಿ ಸುಮಾಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ಅಮ್ಮಾ, ಪ್ಲೀಸ್. ಎಲ್ಲೂ ನಿನ್ನ ಹೆಸರು ಹಾಕ್ಬೇಡ. ಈಗಿನ ಸಿಚುಯೇಶನ್ ನಿಂಗೊತ್ತಿಲ್ಲ. ನಮ್ಮ ಆಫೀಸಲ್ಲೇ ಜನ ಟ್ರಾವೆಲ್ ಮಾಡೋಕೆ ಹೆದರ್ತಿದಾರೆ. ನಿನ್ನ ಗ್ರೀನ್ ಕಾರ್ಡಿಗೆ ಏನಾದ್ರೂ ಆದ್ರೆ?”

“ಬರೆದಿದ್ದು ತಪ್ಪಾ?”

“ತಪ್ಪು ಅಂತಲ್ಲಮ್ಮ. ಊರ ಉಸಾಬರಿ ನಮಗ್ಯಾಕೆ ಅಂತ.”

ಅವಳನ್ನು ದೂರುವುದಿಲ್ಲ. ಹೆದರಿದ್ದು ಅವಳೊಬ್ಬಳೇ ಅಲ್ಲ. ಮಂಗಳವಾರ ಕೊಜೊಗೆ, ಮಗಳು ಹೆದರುತ್ತಾಳಪ್ಪ, ಆ ಜಾಗ ಖಾಲಿ ಬಿಡು ಎಂದೆ. ಅವನು ಆಯಿತೆಂದು ತಲೆಯಾಡಿಸಿದ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ತನ್ನ ಕೋಣೆಗೆ ಊಟಕ್ಕೆ ಕರೆದ. ಮೂವರು ಹಂಚಿಕೊಂಡ ಮನೆ, ಇವನಿಗೆ ಹಿಂದಿನ ಸಣ್ಣ ಕೋಣೆ. ಸಣ್ಣ ಒಲೆಯ ಮೇಲೆ ಜೋಳದ ಹಿಟ್ಟು ತಿರುವುತ್ತಿದ್ದ, ತಳ ಸ್ವಲ್ಪ ಸೀದಿತ್ತು. ಫೋನನ್ನು ಡಬ್ಬಕ್ಕೆ ಒರಗಿಸಿ ಹೆಂಡತಿ, ಮಗಳನ್ನು ತೋರಿಸಿದ. ಅಫಿ ನಾನು ಮುದ್ದೆ ನುಂಗುವುದನ್ನು ನೋಡಿ ಕೈತಟ್ಟಿ ನಕ್ಕಳು. ಹೆಂಡತಿ ಫ್ರೆಂಚಿನಲ್ಲಿ ಏನೋ ಹೇಳಿದಳು.

“ನೀವು ಬರೆದಿದ್ದನ್ನ ಅವಳಿಗೆ ಓದಿ ಹೇಳಿದೆ ತಾಂತಿ. ಮಂತ್ರಿ ಭಾಷಣದ ಹಾಗಿದೆ ಅಂತಾಳೆ,” ಎಂದ. ನಾನು ಉಬ್ಬಿಹೋದೆ. ಅದು ಹೊಗಳಿಕೆ ಅಲ್ಲವೆಂದು ಆಗ ಹೊಳೆಯಲಿಲ್ಲ.

ಸಂದರ್ಶನ ಜೂನ್‌ನಲ್ಲಿ. ಅಷ್ಟರಲ್ಲಿ ಗುಡ್ಡಗಳ ಹಸಿರೆಲ್ಲ ಒಣಗಿ ಕಂದಾಗಿತ್ತು. ದುಭಾಷಿಯನ್ನು ಕರೆದೊಯ್ಯಬಹುದಿತ್ತು. ನಾನೇ, ನಿನ್ನ ಇಂಗ್ಲಿಷು ಚೆನ್ನಾಗಿದೆ, ಧೈರ್ಯವಾಗಿ ಹೇಳು ಎಂದು ವೈವಾಕ್ಕೆ ತಯಾರು ಮಾಡಿದಂತೆ ಪ್ರಶ್ನೆ ಕೇಳಿ ಕೇಳಿ ಕಳಿಸಿದ್ದೆ. ಮೊಸರನ್ನದ ಡಬ್ಬಿಯನ್ನೂ ಕಟ್ಟಿದ್ದೆ.

ಮಾರನೆಯ ದಿನ ಲೈಬ್ರರಿಗೆ ಬಂದ. ಡಬ್ಬಿ ತೊಳೆದು ತಂದಿದ್ದ. ಮುಖ ನೋಡಿದರೇ ಗೊತ್ತಾಯಿತು. ಅಧಿಕಾರಿ ಹೆಂಗಸು ಒರಟೇನೂ ಅಲ್ಲವಂತೆ, ನಿಧಾನವಾಗಿ ಕೇಳಿದರಂತೆ. ನಾಲ್ಕನೆಯ ಪುಟದ ಒಂದು ವಾಕ್ಯ ತೋರಿಸಿ, ಇದನ್ನು ನಿಮ್ಮ ಮಾತಿನಲ್ಲಿ ಹೇಳಿ ಎಂದರಂತೆ. ಅವನು ತಡವರಿಸಿದ. ಬಿಟ್ಟ ಮೇಲೆ ಏನು ಮಾಡಿದಿರಿ ಎಂದರು. ಶಾಲೆಗೆ ಹೋದೆ ಎಂದ.

“ಯಾಕೆ ಹಾಗಂದೆ?” ಎಂದೆ, ಗದರಿದ ಹಾಗೆಯೇ.

“ಹೋಗಿದ್ದೆನಲ್ಲ ತಾಂತಿ.”

ಇಲ್ಲಿ ಕೂಡಲೇ ದೇಶ ಬಿಟ್ಟೆ ಎಂದು ಬರೆದಿದೆಯಲ್ಲ ಎಂದು ಅವರು ಕೇಳಿದರು. ಕೊನೆಗೆ, ಇದನ್ನು ಯಾರು ಬರೆದರು ಎಂದು ಕೇಳಿದರು.

“ನಾನೇ ಬರೆದೆ ಅಂದೆ,” ಎಂದ ಕೊಜೊ. “ಎರಡು ಸಲ ಕೇಳಿದ್ರು. ಎರಡು ಸಲವೂ ನಾನೇ ಅಂದೆ.”

“ಯಾಕಪ್ಪ?”

“ನಿಮ್ಮ ಮಗಳು ಹೆದರ್ತಾರೆ ಅಂದಿದ್ರಲ್ಲ.”

ಅವನು ಹೇಳಿದ ಸುಳ್ಳು ಅದೊಂದೇ. ಉಳಿದ ಸುಳ್ಳೆಲ್ಲ ನನ್ನದು.

ಎರಡು ವಾರಕ್ಕೆ ಪತ್ರ ಬಂತು. ಹೇಳಿಕೆ ನಂಬಲರ್ಹವಲ್ಲ, ಪ್ರಕರಣ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಆಗಸ್ಟಿನಲ್ಲಿ ಮೊದಲ ವಿಚಾರಣೆಗೆ ಹೋದವನನ್ನು ಹೊರಗಿನ ಕಾರಿಡಾರಿನಲ್ಲೇ ಹಿಡಿದರು. ಇಲ್ಲೂ ಯಾವ ದಳದವರೆಂದು ಅವನಿಗೆ ತಿಳಿಯಲಿಲ್ಲ, ಮುಖ ಮುಚ್ಚಿಕೊಂಡಿದ್ದರಂತೆ. ಬೇರೆ ರಾಜ್ಯದ ಯಾವುದೋ ಬಂದಿಖಾನೆಯಿಂದ ಫೋನು ಮಾಡಿದ. ಅಂಗಡಿಯ ಯಜಮಾನರಿಗೆ ಹೇಳಿ, ನನ್ನ ಏಪ್ರನ್ ಲಾಕರಿನಲ್ಲಿದೆ ಎಂದ.

ಅವತ್ತು ಸುಮಾ ಮುಂದೆ ನಿಂತು, ನಾನು ಜಡ್ಜಿಗೆ ಬರೆಯುತ್ತೇನೆ, ಹೆಸರು, ವಿಳಾಸ ಎಲ್ಲ ಹಾಕಿ ಬರೆಯುತ್ತೇನೆ, ಏನಾದರೂ ಆಗಲಿ ಎಂದೆ. ಅವಳು ಅತ್ತಳು, ಆದರೆ ತಡೆಯಲಿಲ್ಲ. ತಾನೇ ಟೈಪು ಮಾಡಿ, ಮೀಟಿಂಗು ಬಿಟ್ಟು ಕಾರಿನಲ್ಲಿ ಕರೆದುಕೊಂಡು ಹೋದಳು. ಕಡೆಗೂ ಒಬ್ಬ ಬಿಟ್ಟಿ ವಕೀಲೆ ಸಿಕ್ಕಿದ್ದರು. ನನ್ನ ಪತ್ರವನ್ನು ಓದಿ ಮೇಜಿನ ಮೇಲೆ ಮಗುಚಿಟ್ಟರು.

“ಇದನ್ನು ಕೊಟ್ಟರೆ ಆತ ಅಧಿಕಾರಿಗೆ ಸುಳ್ಳು ಹೇಳಿದ್ದು ಸಾಬೀತಾಗುತ್ತದೆ,” ಎಂದರು. ನಾನು ಕೊಜೊನ ಶಾಲೆಯ ಎರಡು ದಿನದ ವಿಷಯ ಹೇಳಿದೆ. ಆತ ಅಲ್ಲಿ ಮಾಡಿದ್ದೇನು ಎಂದು ಕೇಳಿದರು. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ಅಂಕ ಹಾಕಿದ ಎಂದೆ. ಅವರು ಪೆನ್ನು ಕೆಳಗಿಟ್ಟರು. “ಹಾಗಾದರೆ ಆ ಅಂಕಪಟ್ಟಿಯಲ್ಲಿ ತಾರೀಖಿನ ಜೊತೆ ಆತನ ಸಹಿ ಇರುತ್ತದೆ. ನಡುವೆ ನಾಲ್ಕು ದಿನ ಖಾಲಿ ಇರುತ್ತದೆ. ಆತನ ಬಳಿ ಇದ್ದ ಸಾಕ್ಷಿ ಅದೊಂದೇ. ಶಾಲೆಗೆ ಹೋದ ವಿಷಯ ಹೇಳಿಕೆಯಲ್ಲಿ ಮೊದಲೇ ಇದ್ದಿದ್ದರೆ ಕೇಳಿ ತರಿಸಬಹುದಿತ್ತು.”

ಪತ್ರ ಕೊಡಲೇ ಎಂದು ವಕೀಲೆ ಫೋನಿನಲ್ಲಿ ಕೊಜೊನನ್ನು ಕೇಳಿದ್ದಕ್ಕೆ, ತಾಂತಿಯನ್ನು ಇದರಲ್ಲಿ ತರಬೇಡಿ ಎಂದನಂತೆ. ನನ್ನ ಪತ್ರ ಚೀಲದಲ್ಲೇ ವಾಪಸು ಬಂತು. ನ್ಯಾಯಾಧೀಶರೂ ಅವನನ್ನು ನಂಬಲಿಲ್ಲ. ಅಕ್ಟೋಬರಿನಲ್ಲಿ, ಇಲ್ಲಿ ಮೊದಲ ಮಳೆ ಬಿದ್ದ ವಾರ, ಅವನನ್ನು ವಿಮಾನ ಹತ್ತಿಸಿದರು. ಅವರ ರಾಜಧಾನಿ ಲೋಮೆಯ ವಿಮಾನ ನಿಲ್ದಾಣದ ಹೊರಗೆ ಹೆಂಡತಿ, ಅಫಿ ಬೆಳಗಿನಿಂದ ಕಾದರು. ಆ ವಿಮಾನದಲ್ಲಿ ಬಂದವರೆಲ್ಲ ಹೊರಗೆ ಬಂದರು. ಕೊಜೊ ಬರಲಿಲ್ಲ. ವಿಚಾರಿಸುತ್ತಿದ್ದಾರೆ ಎನ್ನುತ್ತಾರಂತೆ. ಯಾರು, ಎಲ್ಲಿ ಎಂದು ಹೇಳುವವರಿಲ್ಲ.

ಕಳೆದ ವಾರ ಹೆಂಡತಿಯಿಂದ ಸಂದೇಶ ಬಂತು. ಅಲ್ಲಿಯ ವಕೀಲರೊಬ್ಬರು ಕೊಜೊನ ಕೈಬರಹದಲ್ಲಿ ನಡೆದದ್ದೆಲ್ಲ ಇರುವ ಕಾಗದ ಇದೆಯೇ ಎಂದು ಕೇಳುತ್ತಿದ್ದಾರೆ, ನಿಮ್ಮ ಬಳಿ ಇರಬಹುದೇ ತಾಂತಿ ಎಂದು. ಇತ್ತು. ಆ ಎರಡೂವರೆ ಪುಟ ನನ್ನ ಹಳೆಯ ಫೈಲಿನಲ್ಲಿ ಹಾಗೇ ಇತ್ತು. ಫೋಟೋ ತೆಗೆಯಲು ಕಿಟಕಿ ಬಳಿ ಹರಡಿದೆ. ಕೊನೆಯ ಪುಟದಲ್ಲಿ ನೀಲಿ ಶಾಯಿಯಲ್ಲಿ ಅವನು ಬರೆದಿದ್ದ: ‘ನಾನು ಶಾಲೆಗೆ ವಾಪಸು ಹೋದೆ. ನಲವತ್ತೊಂದು ಮಕ್ಕಳ ಪತ್ರಿಕೆ ತಿದ್ದುವುದು ಬಾಕಿ ಇತ್ತು. ನಾನು ಅಂಕ ಹಾಕದೆ ಹೋದರೆ ಅವರು ಮುಂದಿನ ತರಗತಿಗೆ ಹೋಗುವುದಿಲ್ಲ.’ ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಗೆರೆ. ಅಂಚಿನಲ್ಲಿ, ಅಭ್ಯಾಸಬಲದಿಂದ ಕನ್ನಡದಲ್ಲೇ, ನನ್ನ ದುಂಡು ಅಕ್ಷರದಲ್ಲಿ ‘ಅನಗತ್ಯ’ ಎಂದು ಬರೆದಿತ್ತು.

ಮೂವತ್ತೊಂದು ವರ್ಷ ಪರೀಕ್ಷೆಯ ಕಾಲದಲ್ಲಿ ಜ್ವರವಿದ್ದರೂ ಪತ್ರಿಕೆ ತಿದ್ದದೆ ಮಲಗಿದವಳಲ್ಲ ನಾನು. ಯಜಮಾನರು ಆಸ್ಪತ್ರೆಯಲ್ಲಿದ್ದಾಗಲೂ ಮಂಚದ ಪಕ್ಕದಲ್ಲಿ ಕಟ್ಟು ಇಟ್ಟುಕೊಂಡು ತಿದ್ದಿದ್ದೆ. ಆ ಸಾಲನ್ನು ಈ ಊರಿನಲ್ಲಿ ಯಾರು ನಂಬದಿದ್ದರೂ ನಾನು ನಂಬಬೇಕಿತ್ತು.

ಕೆಂಪು ಗೆರೆ ಸಮೇತ ಫೋಟೋ ಕಳಿಸಿದೆ. ಬೇರೆ ಪ್ರತಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳಿಂದ ಉತ್ತರ ಬಂತು. ಥ್ಯಾಂಕ್ಯೂ ತಾಂತಿ, ಅಕ್ಷರ ಅವರದೇ, ಅಫಿ ಮುಟ್ಟಿ ಮುಟ್ಟಿ ನೋಡಿದಳು ಎಂದು. ಅದರ ಕೆಳಗೆ ಇನ್ನೊಂದು ಸಾಲು: ಅಂಚಿನಲ್ಲಿ ಕೆಂಪಿನಲ್ಲಿ ಏನೋ ಇದೆಯಲ್ಲ, ನಿಮ್ಮ ಭಾಷೆಯೇ, ಅದೇನೆಂದು ವಕೀಲರು ಕೇಳುತ್ತಿದ್ದಾರೆ.

ಇವತ್ತಿಗೆ ಎಂಟು ದಿನ. ನಾನಿನ್ನೂ ಉತ್ತರ ಬರೆದಿಲ್ಲ.